ಮೊಳೆಗೂ ಒಂದು ಮುಖ, ಮುಖಕ್ಕೊಂದು ಕುಲ

ಮಂಗಳಾದೇವಿಯ ದೇವಸ್ಥಾನವಿರುವ ಬೋಳಾರದಲ್ಲಿ, ಅದಕ್ಕೆ ತಾಗಿಕೊಂಡ ಜಪ್ಪುವಿನಲ್ಲಿ ಅಲ್ಲೊಂದು ಇಲ್ಲೊಂದು ಹಳೆಯ ಹಂಚಿನ ಮನೆಗಳು ಉಳಿದಿವೆ. ಅಂಥ ಮನೆಯ ಮಾಡಿನಿಂದ ಒಂದು ಹಂಚನ್ನು ಇಳಿಸಿ ಮಗುಚಿ ನೋಡಿದರೆ, ಅದರ ಒಳಮೈಯಲ್ಲಿ ಉಬ್ಬಿದ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಕಾರ್ಖಾನೆಯ ಹೆಸರು ಕಾಣುವುದುಂಟು. ಹಂಚಿನ ಅಚ್ಚಿನಲ್ಲಿ ಅದೇ ಹೆಸರನ್ನು ಕನ್ನಡಿಯಲ್ಲಿ ಕಾಣುವಂತೆ ಹಿಂದುಮುಂದಾಗಿ, ತಗ್ಗಾಗಿ ಕೊರೆದಿರುತ್ತಾರೆ. ಹದ ಮಾಡಿದ ಜೇಡಿಮಣ್ಣು ಆ ತಗ್ಗಿನೊಳಗೆ ಇಳಿದು, ಹೊರಬರುವಾಗ ನೇರವಾದ ಅಕ್ಷರವನ್ನು ಹೊತ್ತು ಬರುತ್ತದೆ. ಮಣ್ಣಿನ ಬದಲು ಕರಗಿದ ಸೀಸವನ್ನು ಊಹಿಸಿಕೊಂಡರೆ ಮುದ್ರಣದ ಮೊಳೆ ಹುಟ್ಟುವ ಬಗೆಯೂ ಹೆಚ್ಚು ಕಡಿಮೆ ಇದೇ.

ಈ ಹೋಲಿಕೆ ಬರಿಯ ಕಲ್ಪನೆಯದಲ್ಲ. ನೇತ್ರಾವತಿಯ ದಂಡೆಯಲ್ಲಿ, ಜಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಜಾರ್ಜ್ ಪ್ಲೆಬ್ಸ್ಟ್ ಮೂಲತಃ ಹಂಚಿನ ಕೆಲಸಕ್ಕಾಗಿ ಮಂಗಳೂರಿಗೆ ಬಂದವನಲ್ಲ. ಆತ 1851ರಲ್ಲಿ ಇಲ್ಲಿಗೆ ಬಂದದ್ದು ಮಿಶನ್ನಿನ ಮುದ್ರಣಾಲಯದ ಹೊಣೆ ಹೊರಲು. ಕನ್ನಡದ ಮೊಳೆಗಳೊಡನೆ ಹೆಣಗಿದ ಕೈಯೇ ಮುಂದೆ ಮಂಗಳೂರು ಹಂಚನ್ನೂ ರೂಪಿಸಿತು. ಹಂಚಿಗೆ ಲೋಕದಲ್ಲಿ ಹೆಸರು ಸಿಕ್ಕಿತು. ಇಂದಿಗೂ ಅದು ‘ಮಂಗಳೂರು ಹಂಚು’. ಅದೇ ಊರಿನಲ್ಲಿ ಸಾವಿರಾರು ಪುಟಗಳನ್ನು ಹೊತ್ತ ಕನ್ನಡದ ಮೊಳೆಗಳಿಗೆ ಅಂಥ ಹೆಸರೇನೂ ದಕ್ಕಲಿಲ್ಲ. ಅಕ್ಷರದ ರೂಪಗಳನ್ನು ಗುರುತಿಸಿ, ಹೆಸರಿಟ್ಟು, ವರ್ಗಗಳಾಗಿ ವಿಂಗಡಿಸುವ ಶಾಸ್ತ್ರವೊಂದು ಪಶ್ಚಿಮದಲ್ಲಿ ಚೆನ್ನಾಗಿ ಬೆಳೆದಿದೆ. ಅದರಲ್ಲಿ ಕನ್ನಡದ ಸ್ಥಾನವೇನು ಎಂದು ಕೇಳಿದರೆ ಸಿಗುವ ಉತ್ತರ ಕುತೂಹಲಕರವಾಗಿದೆ.

ಮೊಳೆ ಎಂದರೇನು?

ಮೊದಲು ಕೆಲವು ಮೂಲ ಸಂಗತಿಗಳನ್ನು ತಿಳಿದುಕೊಳ್ಳಬೇಕು. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ಉಬ್ಬಾಗಿ, ಹಿಂದುಮುಂದಾಗಿ ಕೆತ್ತುವುದು ಮೊದಲ ಹಂತ. ಈ ಕಡ್ಡಿಯನ್ನು ತಾಮ್ರದ ತುಂಡಿನ ಮೇಲಿಟ್ಟು ಹೊಡೆದರೆ ಅಲ್ಲಿ ಅಕ್ಷರದ ತಗ್ಗು ಮೂಡುತ್ತದೆ. ತಾಮ್ರದ ಈ ತುಂಡೇ ಪಡಿಯಚ್ಚು. ಅದನ್ನು ಎರಕದ ಪೆಟ್ಟಿಗೆಯಲ್ಲಿ ಕೂರಿಸಿ ಸೀಸ, ತವರ ಮತ್ತು ಆಂಟಿಮನಿಗಳ ಮಿಶ್ರಲೋಹವನ್ನು ಸುರಿದರೆ ಮೊಳೆ ಸಿದ್ಧ. ಸೀಸ ಬೇಗ ಕರಗುತ್ತದೆ, ಆದರೆ ಮೆದು. ಅದನ್ನು ಗಟ್ಟಿಗೊಳಿಸುವುದು ಆಂಟಿಮನಿ, ಸಲೀಸಾಗಿ ಹರಿದು ಅಚ್ಚಿನ ಮೂಲೆ ತುಂಬುವಂತೆ ಮಾಡುವುದು ತವರ. ಸುಮಾರು 23 ಮಿಲಿಮೀಟರು ಎತ್ತರದ ಈ ಲೋಹದ ಕಡ್ಡಿಯ ನೆತ್ತಿಯ ಮೇಲೆ, ಶಾಯಿ ತಾಗುವ ಭಾಗಕ್ಕೆ ಮುದ್ರಣದವರು ‘ಫೇಸ್’, ಅಂದರೆ ಮುಖ ಎನ್ನುತ್ತಾರೆ. ಅಕ್ಷರಗಳ ಒಂದು ಇಡೀ ಗುಂಪು ಒಂದೇ ಬಗೆಯ ಮುಖ ಹೊಂದಿದ್ದರೆ ಅದು ಒಂದು ‘ಟೈಪ್‌ಫೇಸ್’. ಅದೇ ಮುಖ ತೆಳುವಾಗಿ, ದಪ್ಪವಾಗಿ, ಓರೆಯಾಗಿ ಬಂದರೆ ಅವು ಒಂದೇ ಮನೆಯ ಮಕ್ಕಳಿದ್ದಂತೆ.

ಅಳತೆಗೆ ಪಾಯಿಂಟ್ ಎಂಬ ಮಾನವಿದೆ. ಒಂದು ಅಂಗುಲಕ್ಕೆ ಸುಮಾರು 72 ಪಾಯಿಂಟ್. ಇಲ್ಲಿ ಗಮನಿಸಬೇಕಾದದ್ದು, ಪಾಯಿಂಟು ಅಳೆಯುವುದು ಮೊಳೆಯ ಒಡಲನ್ನು, ಅದರ ಮೇಲಿನ ಅಕ್ಷರವನ್ನಲ್ಲ. 12 ಪಾಯಿಂಟಿನ ಇಂಗ್ಲಿಷ್ ಅಕ್ಷರವನ್ನೂ ಅಷ್ಟೇ ಅಳತೆಯ ಕನ್ನಡ ಅಕ್ಷರವನ್ನೂ ಪಕ್ಕಪಕ್ಕದಲ್ಲಿಟ್ಟರೆ ಅವು ಸಮನಾಗಿ ಕಾಣಬೇಕೆಂದಿಲ್ಲ. ಕನ್ನಡದ ಒಂದು ಸಾಲಿನಲ್ಲಿ ಮೂರು ಅಂತಸ್ತುಗಳಿವೆ: ಮೇಲೆ ಗುಡಿಸು ಮತ್ತು ಏತ್ವ, ನಡುವೆ ಅಕ್ಷರದ ಮೈ, ಕೆಳಗೆ ಒತ್ತು. ಈ ಮೂರನ್ನೂ ಒಂದೇ ಒಡಲಿನಲ್ಲಿ ಹಿಡಿಸಬೇಕಾದಾಗ ನಡುವಿನ ಮೈ ಕುಗ್ಗಲೇಬೇಕು. ಒತ್ತಿಗೆ ಜಾಗ ಕೊಡಲು ಸಾಲುಗಳ ನಡುವಿನ ಅಂತರ ಹಿಗ್ಗಲೇಬೇಕು.

ಲೆಕ್ಕದ ತೊಡಕು ಇನ್ನೂ ದೊಡ್ಡದು. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಸೇರಿದರೆ 52 ರೂಪಗಳು. ಕನ್ನಡದ 34 ವ್ಯಂಜನಗಳು 13 ಸ್ವರಗಳೊಡನೆ ಕೂಡಿದರೆ 442 ರೂಪಗಳಾಗುತ್ತವೆ. ಒಂದು ವ್ಯಂಜನಕ್ಕೆ ಇನ್ನೊಂದು ಒತ್ತಾಗಿ ಸೇರಿದರೆ, ಬರಿಯ ಲೆಕ್ಕಕ್ಕೆ, 1156. ಪ್ರತಿಯೊಂದಕ್ಕೂ ಬೇರೆ ಮೊಳೆ ಎರೆಯಿಸಿದರೆ ಯಾವ ಮುದ್ರಣಾಲಯವೂ ಉಳಿಯಲಾರದು. ಆದ್ದರಿಂದ ಅಕ್ಷರವನ್ನು ಒಡೆದು, ತಲೆಕಟ್ಟು, ಕೊಂಬು, ದೀರ್ಘ, ಒತ್ತುಗಳನ್ನು ಬೇರೆಬೇರೆಯಾಗಿ ಎರಕ ಹೊಯ್ದು, ಬೇಕಾದಾಗ ಜೋಡಿಸುವ ಉಪಾಯ ಬೇಕಾಯಿತು. ಎಲ್ಲಿ ಒಡೆಯಬೇಕು, ಎಲ್ಲಿ ಇಡಿಯಾಗಿ ಬಿಡಬೇಕು ಎಂಬ ಈ ತೀರ್ಮಾನವೇ ಕನ್ನಡದ ಅಚ್ಚಿನ ಮುಖವನ್ನು ಬಹುಮಟ್ಟಿಗೆ ನಿರ್ಧರಿಸಿತು. ಅರ್ಕಾವೊತ್ತಿನ ಉದಾಹರಣೆ ನೋಡಬಹುದು. ಅದು ಅಕ್ಷರದ ಕೆಳಗೆ ಇಳಿಯದೆ ಸಾಲಿನಲ್ಲೇ ಪಕ್ಕಕ್ಕೆ ಕೂರುತ್ತದೆ. ಮೊಳೆ ಜೋಡಿಸುವವನಿಗೆ ಇದಕ್ಕಿಂತ ಅನುಕೂಲವಾದ ಒತ್ತು ಬೇರೊಂದಿಲ್ಲ.

ಕಲ್ಲಚ್ಚಿನಿಂದ ಮೊಳೆಗೆ

ಕನ್ನಡವನ್ನು ಮೊಳೆಯಲ್ಲಿ ಮುದ್ರಿಸಿದ ಮೊದಲ ಪುಸ್ತಕವೆಂದು ಸಾಮಾನ್ಯವಾಗಿ ಹೇಳುವುದು ವಿಲಿಯಂ ಕೇರಿ ಬರೆದ ಕನ್ನಡ ವ್ಯಾಕರಣವನ್ನು. ಅದು 1817ರಲ್ಲಿ ಅಚ್ಚಾದದ್ದು ಕನ್ನಡನಾಡಿನಲ್ಲಲ್ಲ, ಬಂಗಾಳದ ಸೆರಾಂಪುರದಲ್ಲಿ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ನೆಲೆಯೂರಿದ್ದು 1834ರಲ್ಲಿ. ಬಲ್ಮಠದಲ್ಲಿ ಅದರ ಮುದ್ರಣ ಆರಂಭವಾದದ್ದು 1841ರಲ್ಲಿ. ಆದರೆ ಆ ಮೊದಲ ಯಂತ್ರ ಕಲ್ಲಚ್ಚಿನದು.

ಕಲ್ಲಚ್ಚನ್ನು 1796ರ ಸುಮಾರಿಗೆ ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ ಕಂಡುಹಿಡಿದ. ಅದರ ತತ್ತ್ವ ಸರಳ. ಎಣ್ಣೆಗೂ ನೀರಿಗೂ ಆಗದು. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆದು, ಕಲ್ಲನ್ನು ಒದ್ದೆ ಮಾಡಿ, ಮೇಲೆ ಮುದ್ರಣದ ಶಾಯಿ ಉರುಳಿಸಿದರೆ, ಬರೆದಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ. ಇಲ್ಲಿ ಮೊಳೆ ಬೇಡ, ಎರಕ ಬೇಡ, ನೂರಾರು ಗೂಡುಗಳ ಪೆಟ್ಟಿಗೆ ಬೇಡ. ಬರೆಯಬಲ್ಲ ಒಬ್ಬ ಲಿಪಿಕಾರ ಸಾಕು. ಅಕ್ಷರಗಳ ಸಂಖ್ಯೆ ಎಷ್ಟಿದ್ದರೂ ಖರ್ಚು ಹೆಚ್ಚುವುದಿಲ್ಲ. ಕನ್ನಡದಂಥ ಲಿಪಿಗೆ ಇದು ಹೇಳಿ ಮಾಡಿಸಿದಂತಿತ್ತು.

1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನದೇ. ಅದರ ಅಕ್ಷರಗಳಿಗೆ ಟೈಪ್‌ಫೇಸ್ ಎಂಬುದೇ ಇಲ್ಲ. ಇರುವುದು ಒಬ್ಬ ಬರಹಗಾರನ ಕೈ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಮೊಳೆಗಳಲ್ಲಿ ಅಚ್ಚಾಗತೊಡಗಿತು. ಒಂದೇ ಪತ್ರಿಕೆ ಒಂದು ವರ್ಷದೊಳಗೆ ಕೈಬರಹದಿಂದ ಲೋಹಕ್ಕೆ ದಾಟಿದ ಈ ಘಟನೆ ಕನ್ನಡದ ಅಕ್ಷರಚರಿತ್ರೆಯ ಒಂದು ಮುಖ್ಯ ತಿರುವು. ಮೋಗ್ಲಿಂಗ್ 1848ರಿಂದ 1853ರ ವರೆಗೆ ಪ್ರಕಟಿಸಿದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯ ಹಳೆಯ ಕಾವ್ಯಗಳು ಕೂಡ ಕಲ್ಲಚ್ಚಿನಲ್ಲೇ ಬಂದವು. ಓಲೆಗರಿಯ ಓದಿಗೆ ಒಗ್ಗಿದ್ದ ಕಣ್ಣುಗಳಿಗೆ ಕೈಬರಹದ ಆ ಪುಟಗಳು ಅಷ್ಟೇನೂ ಪರಕೀಯವಾಗಿ ಕಂಡಿರಲಾರವು.

ಮುಂದೆ ಮೊಳೆಗಳೇ ಗೆದ್ದವು. ಕಲ್ಲಿನ ಮೇಲಿನ ಬರಹ ಬೇರೊಂದು ಪುಟಕ್ಕೆ ಬೇಕೆಂದರೆ ಮತ್ತೆ ಬರೆಯಬೇಕು. ಮೊಳೆಯನ್ನು ಬಿಚ್ಚಿ ಮರುದಿನ ಬೇರೆ ಪುಟಕ್ಕೆ ಕಟ್ಟಬಹುದು. ದೊಡ್ಡ ಗ್ರಂಥಗಳಿಗೆ ಈ ಗುಣ ಅನಿವಾರ್ಯ. ಫರ್ಡಿನಾಂಡ್ ಕಿಟೆಲ್‌ರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಶಬ್ದಗಳ ಆ ಗ್ರಂಥದಲ್ಲಿ ಕನ್ನಡ ಶಬ್ದ, ಅದರ ಉಚ್ಚಾರ ತೋರಿಸುವ ಚಿಹ್ನೆಸಹಿತ ರೋಮನ್ ರೂಪ, ಇಂಗ್ಲಿಷ್ ಅರ್ಥ ಎಲ್ಲವೂ ಒಂದೇ ಸಾಲಿನಲ್ಲಿ ಬೆರೆತು ಬರುತ್ತವೆ. ಬಳಕೆಯಿಂದ ಬಿದ್ದುಹೋದ ಱ, ೞ ಅಕ್ಷರಗಳೂ ಅಲ್ಲಿವೆ. ಅಂದರೆ ಆ ಅಕ್ಷರಗಳಿಗೂ ಮೊಳೆಗಳಿರಬೇಕಾಗಿತ್ತು. ಎರಡು ಲಿಪಿಗಳ ದಪ್ಪ, ಎತ್ತರ, ಬಣ್ಣಗಳನ್ನು ಒಂದೇ ಸಾಲಿನಲ್ಲಿ ಹೊಂದಿಸುವುದು ಎಷ್ಟು ಕಷ್ಟವೆಂದು ಇಂದು ಗಣಕಯಂತ್ರದಲ್ಲಿ ಪುಟ ಕಟ್ಟುವವರಿಗೂ ಗೊತ್ತು.

ಕುಲಗೋತ್ರದ ಪಟ್ಟಿ

ಈಗ ವರ್ಗೀಕರಣದ ಮಾತು. ರೋಮನ್ ಅಕ್ಷರಗಳ ಕೈಕಾಲುಗಳ ತುದಿಯಲ್ಲಿ ಸಣ್ಣ ಅಡ್ಡಗೀಟುಗಳಿರುತ್ತವೆ. ಪ್ರಾಚೀನ ರೋಮಿನ ಶಿಲಾಶಾಸನಗಳಿಂದ ಬಂದ ಈ ಗೀಟಿಗೆ ‘ಸೆರಿಫ್’ ಎಂದು ಹೆಸರು. ಹದಿನಾರನೆಯ ಶತಮಾನದಲ್ಲಿ ಫ್ರಾನ್ಸಿನ ಗ್ಯಾರಮಂಡ್ ಕೆತ್ತಿದ ಅಕ್ಷರಗಳಲ್ಲಿ ಲೇಖನಿಯ ಓರೆ ಇನ್ನೂ ಕಾಣುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಬರ್ಮಿಂಗ್‌ಹ್ಯಾಮಿನ ಬಾಸ್ಕರ್‌ವಿಲ್ ಅವುಗಳನ್ನು ನೆಟ್ಟಗೆ ನಿಲ್ಲಿಸಿದ. ಅದೇ ಶತಮಾನದ ಕೊನೆಗೆ ಇಟಲಿಯ ಬೊಡೋನಿ ದಪ್ಪಗೀಟು, ಕೂದಲೆಳೆಯ ಗೀಟುಗಳ ವ್ಯತ್ಯಾಸವನ್ನು ತುತ್ತತುದಿಗೆ ಒಯ್ದ. ಸೆರಿಫ್ ಇಲ್ಲದ ಬೋಳು ಅಕ್ಷರ ಮೊಳೆಯಾಗಿ ಮೊದಲು ಕಾಣಿಸಿಕೊಂಡದ್ದು 1816ರಲ್ಲಿ, ಲಂಡನ್ನಿನ ಕ್ಯಾಸ್ಲನ್ ಎರಕದ ಮನೆಯ ಮಾದರಿಯಲ್ಲಿ. ಕೇರಿಯ ಕನ್ನಡ ವ್ಯಾಕರಣಕ್ಕೆ ಕೇವಲ ಒಂದು ವರ್ಷ ಮೊದಲು ಎಂಬುದು ಸ್ವಾರಸ್ಯದ ಸಂಗತಿ.

ಹೀಗೆ ಬೆಳೆದ ಸಾವಿರಾರು ಮುಖಗಳನ್ನು ಫ್ರಾನ್ಸಿನ ತಿಬೋಡೊ 1921ರಲ್ಲಿ ಸೆರಿಫ್‌ನ ಆಕಾರ ನೋಡಿ ವಿಂಗಡಿಸಿದ. 1954ರಲ್ಲಿ ಮ್ಯಾಕ್ಸಿಮಿಲಿಯನ್ ವಾಕ್ಸ್ ಅದನ್ನು ವಿಸ್ತರಿಸಿ ಒಂಬತ್ತು ವರ್ಗಗಳನ್ನು ಮಾಡಿದ. ಲೇಖನಿಯ ಓರೆಯಿರುವವು, ನೆಟ್ಟನೆಯವು, ದಪ್ಪ ಪಾದದವು, ಬೋಳಾದವು, ಉಳಿಯಲ್ಲಿ ಕೆತ್ತಿದಂತಿರುವವು, ಕೈಬರಹದಂತಿರುವವು ಹೀಗೆ. 1962ರಲ್ಲಿ ಅಂತರರಾಷ್ಟ್ರೀಯ ಟೈಪೋಗ್ರಫಿ ಸಂಘ ಇದನ್ನು ಅಂಗೀಕರಿಸಿತು. ಮುಂದೆ ಅದಕ್ಕೆ ಸೇರಿದ ವರ್ಗಗಳಲ್ಲಿ ಒಂದರ ಹೆಸರು ‘ರೋಮನೇತರ’. ಅರಬ್ಬಿ, ಚೀನೀ, ಗ್ರೀಕ್, ದೇವನಾಗರಿ, ತಮಿಳು, ಕನ್ನಡ ಎಲ್ಲವೂ ಆ ಒಂದೇ ಗೂಡಿಗೆ ಬಿದ್ದವು. ಸೆರಿಫ್‌ನ ಒಂದು ಕೂದಲೆಳೆಯ ವ್ಯತ್ಯಾಸಕ್ಕೆ ಬೇರೊಂದು ವರ್ಗವನ್ನೇ ಮಾಡಿದ ಶಾಸ್ತ್ರ, ಜಗತ್ತಿನ ಅರ್ಧಕ್ಕಿಂತ ಹೆಚ್ಚು ಜನರ ಲಿಪಿಗಳಿಗೆ ಒಂದೇ ಗೋತ್ರ ಹೇಳಿ ಮುಗಿಸಿತು. ಈ ಕೊರತೆಯನ್ನು ಮನಗಂಡು ಅದೇ ಸಂಘ 2021ರಲ್ಲಿ ಆ ವರ್ಗೀಕರಣದಿಂದ ತನ್ನ ಅಂಗೀಕಾರವನ್ನು ಹಿಂತೆಗೆದುಕೊಂಡಿತು.

ತಲೆಕಟ್ಟು ಸೆರಿಫ್ ಆಗುವುದೇ?

ಪಟ್ಟಿ ಹೋಯಿತು, ಪದಗಳು ಉಳಿದವು. ಇಂದು ಗಣಕಯಂತ್ರದಲ್ಲಿ ‘ನೋಟೊ ಸ್ಯಾನ್ಸ್ ಕನ್ನಡ’, ‘ನೋಟೊ ಸೆರಿಫ್ ಕನ್ನಡ’ ಎಂಬ ಎರಡು ಅಕ್ಷರಮಾಲೆಗಳು ಸಿಗುತ್ತವೆ. ಒಂದು ಸೆರಿಫ್ ಇಲ್ಲದ್ದು, ಇನ್ನೊಂದು ಇರುವಂಥದ್ದು ಎಂದು ಹೆಸರು ಹೇಳುತ್ತದೆ. ಆದರೆ ಕನ್ನಡ ಅಕ್ಷರಕ್ಕೆ ರೋಮನ್ ಅರ್ಥದ ಸೆರಿಫ್ ಎಲ್ಲಿದೆ? ಎರಡರ ನಡುವೆ ಕಣ್ಣಿಗೆ ಕಾಣುವ ಮುಖ್ಯ ಭೇದ ಗೀಟುಗಳ ದಪ್ಪ-ತೆಳುವಿನದು. ಕೆಲವರು ತಲೆಕಟ್ಟನ್ನೇ ಸೆರಿಫ್ ಎಂದು ಭಾವಿಸುವುದುಂಟು. ಇದು ಸರಿಯಲ್ಲ. ರೋಮನ್ ಅಕ್ಷರದಿಂದ ಸೆರಿಫ್ ತೆಗೆದರೆ ಅಕ್ಷರ ಬದಲಾಗದು. ಕನ್ನಡದ ‘ಕ’ದಿಂದ ತಲೆಕಟ್ಟನ್ನು ತೆಗೆದು ಗುಡಿಸು ಇಟ್ಟರೆ ಅದು ‘ಕಿ’. ಏತ್ವ ಕೊಟ್ಟರೆ ‘ಕೆ’. ತಲೆಕಟ್ಟು ಅಕಾರದ ಗುರುತು. ಅದು ವ್ಯಾಕರಣದ ಅಂಗ. ಸೆರಿಫ್ ಬರಿಯ ಅಂಚು. ಆಭರಣಕ್ಕೂ ಅವಯವಕ್ಕೂ ಇರುವ ವ್ಯತ್ಯಾಸ ಇದು.

ಹಾಗಾದರೆ ಕನ್ನಡದ ಮುಖಗಳನ್ನು ಹೇಗೆ ವಿಂಗಡಿಸಬಹುದು? ಬರೆದ ಸಾಧನವನ್ನು ನೋಡುವುದು ಒಂದು ದಾರಿ. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಗೀರಿದರೆ ಗೀಟಿನ ದಪ್ಪ ಎಲ್ಲೆಡೆ ಒಂದೇ. ನಾರಿನ ಉದ್ದಕ್ಕೆ ನೇರ ಗೀಟೆಳೆದರೆ ಗರಿ ಸೀಳುವ ಭಯವಿದ್ದುದರಿಂದ ಅಕ್ಷರಗಳು ದುಂಡಗಾದವು ಎಂದು ಹೇಳುವುದುಂಟು. ಸಮನಾದ ಗೀಟಿನ ಇಂಥ ದುಂಡು ಅಕ್ಷರಗಳನ್ನು ಕಂಟದ ಕುಲವೆನ್ನಬಹುದು. ಬಿದಿರು ಲೇಖನಿ ಅಥವಾ ನಿಬ್ಬಿನಿಂದ ಬರೆದಾಗ ಗೀಟು ತಿರುಗಿದಂತೆ ದಪ್ಪವೂ ಬದಲಾಗುತ್ತದೆ. ಹಳೆಯ ಪಠ್ಯಪುಸ್ತಕಗಳ ಅಕ್ಷರಗಳಲ್ಲಿ ಹೆಚ್ಚಿನವು ಈ ಲೇಖನಿಯ ಕುಲದವು. ಶಾಸನಗಳ ಮೂಲೆ, ಏಣುಗಳನ್ನು ನೆನಪಿಸುವವು ಉಳಿಯ ಕುಲದವು. ಅಂಗಡಿಯ ಫಲಕ, ಬಸ್ಸಿನ ಹಣೆಬರಹ, ಸಿನಿಮಾ ಪೋಸ್ಟರುಗಳಲ್ಲಿ ಮೈತುಂಬಿ ನಿಲ್ಲುವವು ಕುಂಚದ ಕುಲದವು. ಕೈವಾರ, ಅಳತೆಪಟ್ಟಿ ಹಿಡಿದು ಗೀಚಿದಂತಿರುವ ಇತ್ತೀಚಿನ ಅಕ್ಷರಗಳಿಗೆ ರೇಖಾಗಣಿತದ ಕುಲ ಎನ್ನಬಹುದು.

ಇನ್ನೊಂದು ದಾರಿ ಅಕ್ಷರದ ಅಂಗಾಂಗಗಳನ್ನು ಪರೀಕ್ಷಿಸುವುದು. ತಲೆಕಟ್ಟು ಮೈಗೆ ಅಂಟಿದೆಯೋ, ನಡುವೆ ಸಂದಿಯಿದೆಯೋ? ಒತ್ತು ಮೂಲ ಅಕ್ಷರದ ಅರ್ಧವೋ, ಮುಕ್ಕಾಲೋ? ಕೊಂಬು ಸಾಲಿನಲ್ಲೇ ನಿಂತಿದೆಯೋ, ಕೆಳಗೆ ಇಳಿದಿದೆಯೋ? ವಟ್ರಸುಳಿ ಎಷ್ಟು ಸುತ್ತಿದೆ? ಈ ನಾಲ್ಕು ಪ್ರಶ್ನೆ ಕೇಳಿದರೆ ಮೇಲ್ನೋಟಕ್ಕೆ ಒಂದೇ ಎನಿಸುವ ಎರಡು ಪತ್ರಿಕೆಗಳ ಅಕ್ಷರಗಳೂ ಬೇರೆಬೇರೆ ಎಂದು ಗೊತ್ತಾಗುತ್ತದೆ. ಯಾವ ವಿಂಗಡಣೆಯೂ ಪೂರ್ಣವಲ್ಲ. ಒಂದೇ ಮುಖದಲ್ಲಿ ಎರಡು ಕುಲಗಳ ಲಕ್ಷಣ ಬೆರೆತಿರಬಹುದು. ಆದರೂ ಹೆಸರಿದ್ದರೆ ಮಾತಾಡಬಹುದು, ಹೋಲಿಸಬಹುದು, ಆಯಬಹುದು. ಮದುವೆಯ ಕಾಗದಕ್ಕೂ ಶ್ರದ್ಧಾಂಜಲಿಯ ಜಾಹೀರಾತಿಗೂ ಒಂದೇ ಅಕ್ಷರ ಹೊಂದದೆಂದು ಎಲ್ಲರಿಗೂ ತಿಳಿದಿದೆ. ಏಕೆ ಹೊಂದದೆಂದು ಹೇಳಲು ಶಬ್ದಗಳು ಬೇಕು.

ಮೊಳೆ ನಿರ್ಧರಿಸಿದ ಲಿಪಿ

ಮೊಳೆಯ ಪೆಟ್ಟಿಗೆಯಲ್ಲಿ ಏನಿದೆ, ಏನಿಲ್ಲ ಎಂಬುದು ಎಷ್ಟು ದೂರದ ಪರಿಣಾಮ ಬೀರಬಲ್ಲುದು ಎನ್ನುವುದಕ್ಕೆ ಮಂಗಳೂರಿಗಿಂತ ಒಳ್ಳೆಯ ಉದಾಹರಣೆ ಸಿಗದು. ತುಳುನಾಡಿನಲ್ಲಿ ತಿಗಳಾರಿ ಎಂದೂ ತುಳು ಲಿಪಿ ಎಂದೂ ಕರೆಯುವ ಲಿಪಿಯೊಂದಿತ್ತು. ಮುಖ್ಯವಾಗಿ ಸಂಸ್ಕೃತ ಗ್ರಂಥಗಳಿಗೆ, ಕೆಲವೊಮ್ಮೆ ತುಳು ಕಾವ್ಯಗಳಿಗೆ ಅದನ್ನು ಬಳಸುತ್ತಿದ್ದರು. ಆಡಳಿತ, ವ್ಯವಹಾರಗಳ ಲಿಪಿ ಕನ್ನಡವಾಗಿತ್ತು. ಮಿಶನ್ನಿನವರು 1842ರಲ್ಲಿ ಮತ್ತಾಯನ ಸುವಾರ್ತೆಯನ್ನು ತುಳುವಿನಲ್ಲಿ ಅಚ್ಚು ಹಾಕಿದಾಗ ಆರಿಸಿಕೊಂಡದ್ದು ಕನ್ನಡ ಲಿಪಿಯನ್ನು. ಬ್ರಿಗೆಲ್‌ನ ತುಳು ವ್ಯಾಕರಣ 1872ರಲ್ಲಿ, ಮ್ಯಾನರ್‌ನ ತುಳು-ಇಂಗ್ಲಿಷ್ ನಿಘಂಟು 1886ರಲ್ಲಿ ಬಂದಾಗ ಕನ್ನಡದ ಮೊಳೆಗಳು ಸಿದ್ಧವಾಗಿದ್ದವು. ತಿಗಳಾರಿಯ ಮೊಳೆಗಳನ್ನು ಕೆತ್ತಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಇಟಲಿಯ ಜೆಸ್ವಿತ್ ಪಾದ್ರಿ ಮಾಫೆಯ್ ಬರೆದ ಕೊಂಕಣಿ ವ್ಯಾಕರಣ (1882) ಮತ್ತು ನಿಘಂಟು (1883) ಕೂಡ ಅಚ್ಚಾದದ್ದು ಇದೇ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಕೆಥೊಲಿಕ್ ಪಾದ್ರಿಯ ಪುಸ್ತಕ ಪ್ರಾಟೆಸ್ಟೆಂಟರ ಯಂತ್ರದಲ್ಲಿ ಅಚ್ಚಾಗಲು ಕಾರಣ, ಬೇಕಾದ ಮೊಳೆಗಳೂ ಅವನ್ನು ಜೋಡಿಸಬಲ್ಲ ಕೈಗಳೂ ಅಲ್ಲಿದ್ದುದೇ ಇರಬೇಕು.

ಇದೊಂದೇ ಕಾರಣವೆನ್ನುವುದು ಅತಿಯಾದೀತು. ಆದರೆ ತುಳುವರು, ಮಂಗಳೂರಿನ ಕೊಂಕಣಿಗರು ಕನ್ನಡ ಲಿಪಿಯಲ್ಲಿ ಓದಿ ಬರೆಯುವ ರೂಢಿಯನ್ನು ಗಟ್ಟಿಮಾಡಿದ್ದರಲ್ಲಿ ಸೀಸದ ಈ ಮೊಳೆಗಳ ಪಾಲು ದೊಡ್ಡದು. ಅದಕ್ಕೆ ತೆತ್ತ ಬೆಲೆಯೂ ಉಂಟು. ಕನ್ನಡಿಗರು ‘ಕಣ್ಣು’ ಎನ್ನುವಲ್ಲಿ ತುಳುವರು ಕೊನೆಯ ಉಕಾರವನ್ನು ಅರ್ಧಕ್ಕೇ ಬಿಡುತ್ತಾರೆ. ಆ ಅರೆ ಉಕಾರಕ್ಕೆ ಕನ್ನಡದ ಪೆಟ್ಟಿಗೆಯಲ್ಲಿ ಗೂಡಿಲ್ಲ. ‘ಕಣ್ಣ್’ ಎಂದು ವ್ಯಂಜನಾಂತವಾಗಿ ಬರೆದು, ಉಳಿದದ್ದನ್ನು ಓದುಗನ ನಾಲಗೆಗೆ ಬಿಡಬೇಕಾಯಿತು. ಅಚ್ಚಿನ ಭಾಗ್ಯ ಕಾಣದ ತುಳು-ತಿಗಳಾರಿ ಲಿಪಿಗೆ ಜಾಗತಿಕ ಸಂಕೇತವ್ಯವಸ್ಥೆಯಾದ ಯುನಿಕೋಡಿನಲ್ಲಿ ಸ್ಥಾನ ಸಿಕ್ಕಿದ್ದು 2024ರ ಸೆಪ್ಟೆಂಬರಿನಲ್ಲಿ, ಅದರ 16ನೆಯ ಆವೃತ್ತಿಯಲ್ಲಿ. ಮೊದಲ ತುಳು ಪುಸ್ತಕ ಅಚ್ಚಾಗಿ ಆಗ 182 ವರ್ಷಗಳಾಗಿದ್ದವು.

ಗೂಡು ಬರಿದಾದ ಮೇಲೆ

ಆಫ್‌ಸೆಟ್ ಯಂತ್ರವೂ ಗಣಕಯಂತ್ರವೂ ಬಂದಮೇಲೆ ಊರೂರಿನ ಮುದ್ರಣಾಲಯಗಳು ಮೊಳೆಗಳನ್ನು ತೂಕಕ್ಕೆ ಮಾರಿದವು. ಸೀಸಕ್ಕೆ ಬೆಲೆಯಿತ್ತು, ಮುಖಕ್ಕಿರಲಿಲ್ಲ. ಯಾವ ಪುಸ್ತಕ ಯಾವ ಎರಕದ ಮೊಳೆಯಲ್ಲಿ ಅಚ್ಚಾಯಿತು, ಆ ಅಕ್ಷರವನ್ನು ಬಿಡಿಸಿದವರು ಯಾರು, ಕೆತ್ತಿದವರು ಯಾರು ಎಂಬುದನ್ನು ಕನ್ನಡ ಪುಸ್ತಕಗಳಲ್ಲಿ ದಾಖಲಿಸುವ ಪದ್ಧತಿ ಬೆಳೆಯಲಿಲ್ಲ. ಕವಿಯ ಹೆಸರಿದೆ, ಪ್ರಕಾಶಕನ ಹೆಸರಿದೆ, ಮುದ್ರಣಾಲಯದ ಹೆಸರೂ ಇದೆ, ಅಕ್ಷರದ ಹೆಸರಿಲ್ಲ.

ಗಣಕಯುಗದಲ್ಲಿ ಈ ಕೊರತೆಯನ್ನು ತುಂಬುವ ಕೆಲಸವೂ ಆರಂಭವಾಯಿತು. ಮಂಗಳೂರಿಗೆ ಹತ್ತಿರದ ಕಿನ್ನಿಕಂಬಳದವರೇ ಆದ ಕೆ.ಪಿ. ರಾವ್ ಕನ್ನಡದ ಉಚ್ಚಾರಣೆಯನ್ನು ಅನುಸರಿಸುವ ಕೀಲಿಮಣೆಯನ್ನು ರೂಪಿಸಿದರು. ತಮ್ಮ ತಂತ್ರಾಂಶಕ್ಕೆ ಅವರಿಟ್ಟ ಹೆಸರು ಕರಾವಳಿಯ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರದು. 442 ರೂಪಗಳ ಸಮಸ್ಯೆಗೆ ಅಲ್ಲಿ ಸಿಕ್ಕ ಪರಿಹಾರ ಸೊಗಸಾದುದು. ಬರೆಯುವವನು ವ್ಯಂಜನ, ಸ್ವರಗಳನ್ನು ಉಚ್ಚರಿಸಿದ ಕ್ರಮದಲ್ಲಿ ಒತ್ತಿದರೆ ಸಾಕು, ಗುಡಿಸು, ಒತ್ತುಗಳನ್ನು ಯಂತ್ರವೇ ಕೂಡಿಸುತ್ತದೆ. ಹಿಂದೆ ಮೊಳೆ ಜೋಡಿಸುವವನ ಬೆರಳು ಮಾಡುತ್ತಿದ್ದ ಕೆಲಸ ಅದು. ಇಂದಿನ ಕನ್ನಡ ಅಕ್ಷರಮಾಲೆಗಳಿಗೆ ಹೆಸರುಗಳಿವೆ. ಕಂಪ್ಯೂಟರಿನಲ್ಲಿ ಬಂದ ‘ತುಂಗಾ’ ಎಂಬ ನದಿಯ ಹೆಸರು ಅನೇಕರಿಗೆ ಪರಿಚಿತ.

ಬಲ್ಮಠದ ಮುದ್ರಣಾಲಯದಲ್ಲಿ ಅಚ್ಚಾದ ಪುಸ್ತಕಗಳು ನಾಡಿನ ಗ್ರಂಥಾಲಯಗಳಲ್ಲಿ ಇನ್ನೂ ಇವೆ. ಮೊಳೆಗಳು ಕರಗಿಹೋದರೂ ಅವುಗಳ ಮುಖದ ಗುರುತು ಕಾಗದದ ಮೇಲೆ, ಒತ್ತಡದಿಂದ ತುಸು ಇಳಿದ ಗುಳಿಯಾಗಿ ಉಳಿದಿದೆ. ಕಾಗದ ಹಳದಿಯಾಗುತ್ತಿದೆ, ಅಂಚುಗಳು ಪುಡಿಯಾಗುತ್ತಿವೆ. ಆ ಪುಟಗಳನ್ನು ಸಾಮಾನ್ಯವಾಗಿ ತೆರೆಯುವುದು ಅದರಲ್ಲಿ ಏನು ಬರೆದಿದೆ ಎಂದು ತಿಳಿಯಲು. ಅಲ್ಲಿನ ‘ಕ’ದ ತಲೆಕಟ್ಟು ಹೇಗಿದೆ, ‘ತ್ತ’ದ ಒತ್ತು ಎಷ್ಟು ದೊಡ್ಡದು ಎಂದು ಅಳೆದು, ವರ್ಷವಾರು ಜೋಡಿಸಿ, ಒಂದೊಂದಕ್ಕೂ ಹೆಸರಿಡುವ ಕೆಲಸಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಒಂದು ಭೂತಗನ್ನಡಿ, ಒಂದು ಅಳತೆಪಟ್ಟಿ ಮತ್ತು ತಾಳ್ಮೆ ಸಾಕು. ಪುಟಗಳು ಪುಡಿಯಾಗುವ ಮೊದಲು ಅದು ನಡೆಯಬೇಕು, ಅಷ್ಟೆ.